ರಾತ್ರಿ ವಾರ್ತೆಯಲ್ಲಿ ನಮ್ಮೂರು ಎಲ್ಲಿ?

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. ಈ ಐದೂ ಹೆಸರನ್ನು ಒಂದೇ ಟಿವಿ ವಾರ್ತೆಯಲ್ಲಿ ನೀವು ಯಾವತ್ತಾದರೂ ಕೇಳಿದ್ದೀರಾ? ವಿಧಾನಸಭೆ ಫಲಿತಾಂಶದ ದಿನ ನಾಲ್ಕು ಹೆಸರು ಬರ್ತವೆ. ಕೊಟ್ಟೂರು ಪ್ರತ್ಯೇಕ ಕ್ಷೇತ್ರ ಅಲ್ಲ, ಹಾಗಾಗಿ ಅದಕ್ಕೆ ಆ ಭಾಗ್ಯವೂ ಇಲ್ಲ. ಉಳಿದ ದಿನ ನಮ್ಮ ಸುದ್ದಿ ಏನಾಗುತ್ತೆ, ಯಾವ ದಾರಿ ಹಿಡಿದು ಬರುತ್ತೆ, ಎಲ್ಲಿ ನಿಂತುಬಿಡುತ್ತೆ? ಈ ವಾರ ಅದೇ ಕಥೆ.

ಕರ್ನಾಟಕದ ಹಳ್ಳಿಗಳು ಟಿವಿ ನೋಡಿದ್ದು ಬೆಂಗಳೂರಿಗಿಂತ ಮೊದಲು ಅಂದ್ರೆ ನಂಬ್ತೀರಾ? 1975ರ ಆಗಸ್ಟ್‌ನಿಂದ ಒಂದು ವರ್ಷ ‘ಸೈಟ್’ ಅನ್ನೋ ಉಪಗ್ರಹ ಪ್ರಯೋಗ ನಡೆಯಿತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ಟಿವಿ ಇಟ್ಟು, ಅಮೆರಿಕದ ಉಪಗ್ರಹದಿಂದ ನೇರ ಕಾರ್ಯಕ್ರಮ ಇಳಿಸಿದರು. ನಮ್ಮ ರಾಜ್ಯದಲ್ಲಿ ಆಯ್ಕೆಯಾದದ್ದು ಗುಲಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳು. ಬಳ್ಳಾರಿ ಪಕ್ಕದಲ್ಲೇ ಇದ್ದರೂ ಪಟ್ಟಿಯಲ್ಲಿ ಇರಲಿಲ್ಲ. ನಮ್ಮ ಕಡೆಯ ಅದೃಷ್ಟ ಆವಾಗಿನಿಂದಲೂ ಹೀಗೇ!

ಬೆಂಗಳೂರು ದೂರದರ್ಶನ ಕೇಂದ್ರ ಶುರುವಾಗಿದ್ದು 1981ರ ನವೆಂಬರ್ 1ಕ್ಕೆ. 80ರ ದಶಕದ ನಡುವೆ ದೇಶದ ತುಂಬ ಸಣ್ಣ ಸಣ್ಣ ಟ್ರಾನ್ಸ್‌ಮಿಟರ್ ಬಂದವು. ಮಾಳಿಗೆ ಮೇಲೆ ಆಂಟೆನಾ ತಿರುಗಿಸುತ್ತಾ ‘ಬಂತೇನಲೇ?’ ‘ಇನ್ನೊಂಚೂರು ತಿರುಗ್ಸು!’ ಅಂತ ಕೂಗಾಡಿದ ತಲೆಮಾರು ನಮ್ಮ ಅಪ್ಪ-ಅಮ್ಮಂದಿರದು. ವಾರ್ತೆ ಅಂದ್ರೆ ಸರ್ಕಾರಿ ವಾರ್ತೆ. ಗಂಭೀರ ಮುಖ, ಸ್ಪಷ್ಟ ಕನ್ನಡ, ಕೊನೆಗೆ ಹವಾಮಾನ.

1994ರ ಜೂನ್‌ನಲ್ಲಿ ಉದಯ ಟಿವಿ ಬಂತು. ಅದನ್ನು ನೋಡಬೇಕಂದ್ರೆ ಕೇಬಲ್ ಬೇಕು. ಊರಲ್ಲಿ ಯಾರೋ ಒಬ್ಬರು ಧೈರ್ಯ ಮಾಡಿ ದೊಡ್ಡ ಡಿಶ್ ಹಾಕಿಸಿದರು, ಕಂಬದಿಂದ ಕಂಬಕ್ಕೆ ಕರಿ ವೈರ್ ಎಳೆದರು. ಕೇಬಲ್‌ಗೆ ಅಂತಲೇ ಕಾಯ್ದೆ ಬಂದದ್ದು 1995ರಲ್ಲಿ. ವೈರ್ ಮೊದಲು, ಕಾನೂನು ಆಮೇಲೆ! 2000ದ ಡಿಸೆಂಬರ್‌ನಲ್ಲಿ ಈಟಿವಿ ಕನ್ನಡ ಬಂತು. ಅದರ ಕನ್ನಡ ವಾರ್ತೆ ತಯಾರಾಗುತ್ತಿದ್ದದ್ದು ಹೈದರಾಬಾದಿನ ರಾಮೋಜಿ ಫಿಲ್ಮ್ ಸಿಟಿಯಲ್ಲಿ. 2006ರ ಕೊನೆಗೆ ಟಿವಿ9, 2008ರಲ್ಲಿ ಸುವರ್ಣ ನ್ಯೂಸ್, 2012ರ ಫೆಬ್ರುವರಿಯಲ್ಲಿ ಪಬ್ಲಿಕ್ ಟಿವಿ. ದಿನಕ್ಕೆ ಅರ್ಧ ಗಂಟೆ ಇದ್ದ ಸುದ್ದಿ 24 ಗಂಟೆ ಆಯ್ತು.

ಹೊತ್ತು ಹೆಚ್ಚಾದ ಮೇಲೆ ನಮಗೂ ಒಂದಿಷ್ಟು ಜಾಗ ಸಿಗಬೇಕಿತ್ತಲ್ವಾ? ಸಿಗಲಿಲ್ಲ. ಕಾರಣ ಸರಳ. ಟಿವಿ ಸುದ್ದಿಗೆ ಮಾತು ಸಾಲದು, ದೃಶ್ಯ ಬೇಕು. ದೃಶ್ಯಕ್ಕೆ ಕ್ಯಾಮೆರಾ ಬೇಕು. ಕ್ಯಾಮೆರಾ ಇರೋದು ಜಿಲ್ಲಾ ಕೇಂದ್ರದಲ್ಲಿ. ಹಡಗಲಿಯಿಂದ ಬಳ್ಳಾರಿಗೆ ನೂರು ಕಿಲೋಮೀಟರಿಗೂ ಹೆಚ್ಚು. ಇಂಟರ್ನೆಟ್ ಸರಿಯಾಗಿ ಇಲ್ಲದ ಕಾಲದಲ್ಲಿ ಶೂಟ್ ಮಾಡಿದ ಕ್ಯಾಸೆಟ್ಟನ್ನು ಬಸ್ಸಿಗೆ ಹಾಕಿ ಕಳಿಸುತ್ತಿದ್ದರು. ಬೆಳಗಿನ ಘಟನೆ ರಾತ್ರಿ ವಾರ್ತೆಗೆ ಸೇರಬೇಕಂದ್ರೆ ಬಸ್ಸು ಸರಿಯಾದ ಹೊತ್ತಿಗೆ ಹೋಗಬೇಕು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಲೇಟೆನ್ಸಿ ಆರರಿಂದ ಎಂಟು ಗಂಟೆ!

ಹರಪನಹಳ್ಳಿಯದು ಇನ್ನೊಂದು ಕಥೆ. 1997ರಲ್ಲಿ ಅದು ದಾವಣಗೆರೆ ಜಿಲ್ಲೆಗೆ ಹೋಯಿತು. ಬಳ್ಳಾರಿ ವರದಿಗಾರರಿಗೆ ಪರಜಿಲ್ಲೆ, ದಾವಣಗೆರೆಯವರಿಗೆ ಜಿಲ್ಲೆಯ ಅಂಚು. ಹೈದರಾಬಾದ್ ಕರ್ನಾಟಕಕ್ಕೆ 371(ಜೆ) ವಿಶೇಷ ಸ್ಥಾನಮಾನ ಬಂದಾಗ, ದಾವಣಗೆರೆಯಲ್ಲಿದ್ದ ಈ ತಾಲ್ಲೂಕು ಹೊರಗುಳಿಯಿತು. ಹೋರಾಟ ವರ್ಷಗಟ್ಟಲೆ ನಡೆದ ಮೇಲೆ ಬಳ್ಳಾರಿಗೆ ಮರಳಿತು, 2021ರಲ್ಲಿ ಉಳಿದ ನಾಲ್ಕರ ಜೊತೆ ವಿಜಯನಗರ ಜಿಲ್ಲೆಗೆ ಸೇರಿತು. ಒಂದು ಊರಿನ ಹುಡುಗರ ಮೆಡಿಕಲ್ ಸೀಟು, ಸರ್ಕಾರಿ ನೌಕರಿ ಎಲ್ಲ ಇದರ ಮೇಲೆ ನಿಂತಿತ್ತು. ಬೆಂಗಳೂರಿನ ಸ್ಟುಡಿಯೊಗೆ ಇದು ದಿನಾ ತೋರಿಸುವಂಥ ಸುದ್ದಿ ಅನಿಸಲೇ ಇಲ್ಲ.

ಹಾಗಂತ ಕ್ಯಾಮೆರಾ ಬಂದೇ ಇಲ್ಲ ಅಂತಲ್ಲ. ಗಣಿ ಗಲಾಟೆಯ ವರ್ಷಗಳಲ್ಲಿ ಒಬಿ ವ್ಯಾನುಗಳು ಬಳ್ಳಾರಿ, ಸಂಡೂರಿಗೆ ಸಾಲುಗಟ್ಟಿದವು, ನಮ್ಮ ಪಡುವಣ ತಾಲ್ಲೂಕುಗಳ ಕಡೆ ಬರಲಿಲ್ಲ. 2016ರಲ್ಲಿ ಕೂಡ್ಲಿಗಿ ಡಿವೈಎಸ್ಪಿ ಅನುಪಮಾ ಶೆಣೈ ಅವರ ವರ್ಗಾವಣೆ, ಆಮೇಲೆ ರಾಜೀನಾಮೆ ವಾರಗಟ್ಟಲೆ ಸುದ್ದಿಯಾಯಿತು. 2017ರ ಫೆಬ್ರುವರಿಯಲ್ಲಿ ಕೊಟ್ಟೂರೇಶ್ವರನ ತೇರು ಉರುಳಿದ ದೃಶ್ಯ ದೇಶವೆಲ್ಲ ನೋಡಿತು. ಇನ್ನು ಹಡಗಲಿ ತಾಲ್ಲೂಕಿನ ಮೈಲಾರದ ಕಾರಣಿಕ ಪ್ರತಿ ವರ್ಷ ಲೈವ್. ಗೊರವಯ್ಯ ಬಿಲ್ಲನ್ನೇರಿ ನುಡಿಯೋದು ಒಂದೇ ಸಾಲು. ನಮ್ಮ ರೈತರು ಅದನ್ನು ಮಳೆ-ಬೆಳೆಗೆ ಹೊಂದಿಸಿ ಕೇಳ್ತಾರೆ, ಸ್ಟುಡಿಯೊದವರು ಮುಖ್ಯಮಂತ್ರಿ ಕುರ್ಚಿಗೆ ಹೊಂದಿಸ್ತಾರೆ. ಅಂದ್ರೆ ಗಲಾಟೆ, ಅಪಘಾತ, ಭವಿಷ್ಯ ಇದ್ದರೆ ಮಾತ್ರ ನಾವು ಸುದ್ದಿ. ಕೆರೆ ತುಂಬಲಿಲ್ಲ, ಜನ ಗುಳೆ ಹೋದರು, ಮೆಕ್ಕೆಜೋಳದ ರೇಟು ಬಿತ್ತು, ಇವು ಸುದ್ದಿ ಅಲ್ಲ.

ಈ ಜಾಗ ತುಂಬಿದ್ದು ಲೋಕಲ್ ಕೇಬಲ್ ವಾರ್ತೆ. ರಾಜ್ಯದ ಎಷ್ಟೋ ಜಿಲ್ಲಾ, ತಾಲ್ಲೂಕು ಕೇಂದ್ರಗಳಲ್ಲಿ ಕೇಬಲ್ ಆಪರೇಟರೇ ಒಂದು ಚಾನೆಲ್ ಇಟ್ಟುಕೊಂಡು, ಸಂಜೆ ಅರ್ಧ ಗಂಟೆ ಊರ ಸುದ್ದಿ ಕೊಡುತ್ತಿದ್ದರು.  ಒಂದು ಕ್ಯಾಮೆರಾ, ಒಂದು ಕಂಪ್ಯೂಟರ್, ಓದೋಕೆ ಒಬ್ಬರು. ಕೆಳಗೆ ಬಟ್ಟೆ ಅಂಗಡಿ ಜಾಹೀರಾತು ಓಡ್ತಾ ಇರುತ್ತೆ. ನಗಬೇಡಿ. ಪುರಸಭೆ ಸಭೆಯಲ್ಲಿ ಯಾರು ಏನಂದರು, ನಾಳೆ ನೀರು ಬಿಡ್ತಾರಾ ಇಲ್ವಾ ಅಂತ ಹೇಳೋ ಟಿವಿ ಅದೊಂದೇ ಇತ್ತು. ತಪ್ಪು ಹೇಳಿದರೆ ಬೆಳಿಗ್ಗೆ ಹೋಟೆಲಿನಲ್ಲಿ ಹಿಡಿದು ಕೇಳಬಹುದಿತ್ತು.

ಅದಕ್ಕೆ ಪೆಟ್ಟು ಕೊಟ್ಟಿದ್ದು ತಂತ್ರಜ್ಞಾನ. ಅನಲಾಗ್ ಕಾಲದಲ್ಲಿ ಆಪರೇಟರ್ ತನ್ನ ಕೋಣೆಯಲ್ಲಿ ಒಂದು ಮಾಡ್ಯುಲೇಟರ್ ಇಟ್ಟರೆ ಸಾಕು, ಹೊಸ ಚಾನೆಲ್ ರೆಡಿ. ಡಿಜಿಟಲ್ ಆದ ಮೇಲೆ ಎಲ್ಲ ಚಾನೆಲ್ ದೊಡ್ಡ ಕಂಪನಿಯ ಹೆಡ್‌ಎಂಡ್‌ನಲ್ಲೇ ಎನ್‌ಕ್ರಿಪ್ಟ್ ಆಗಿ ಬರ್ತವೆ. ನಡುವೆ ನಮ್ಮದೊಂದು ಸೇರಿಸೋದು ಸುಲಭ ಅಲ್ಲ, ಆ ಕಂಪನಿ ಒಪ್ಪಬೇಕು, ಅದಕ್ಕೆ ದುಡ್ಡೂ ಬೇಕು. ಹಳ್ಳಿಗಳಿಗೆ ಡಿಜಿಟಲ್ ಕೊನೆಯ ಗಡುವು 2017ರ ಮಾರ್ಚ್. ಅದೇ ವರ್ಷ ಅಕ್ಟೋಬರ್‌ನಲ್ಲಿ ಉದಯ ನ್ಯೂಸ್ ಕೂಡ ಮುಚ್ಚಿತು. 2022ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಈ ಲೋಕಲ್ ಚಾನೆಲ್‌ಗಳಿಗೆ ನಿಯಮ ತಂದಿತು. ಪ್ರತಿ ಚಾನೆಲ್‌ಗೆ 1,000 ರೂಪಾಯಿ ನೋಂದಣಿ ಶುಲ್ಕ. ಸ್ಥಳೀಯ ಸುದ್ದಿ ಕೊಡಬೇಕಂದ್ರೆ ಅದನ್ನು ನಡೆಸುವವರು ಕಂಪನಿಯಾಗಿ ನೋಂದಣಿ ಆಗಿರಬೇಕು. ಪ್ರಸಾರವಾದದ್ದರ ರೆಕಾರ್ಡಿಂಗ್ 90 ದಿನ ಇಟ್ಟಿರಬೇಕು.

ಈ 90 ದಿನದ ಮಾತು ನನಗೆ ಮುಖ್ಯ ಅನಿಸುತ್ತೆ. ಯಾಕಂದ್ರೆ ಈಗ ನಮ್ಮೂರ ಸುದ್ದಿ ನಮಗೆ ಬರೋದು ವಾಟ್ಸ್‌ಆ್ಯಪ್‌ನಲ್ಲಿ. ಬೆಂಗಳೂರಿನ ಮೆಟ್ರೊದಲ್ಲಿ ನಿಂತು ಊರ ಜಗಳದ ವಿಡಿಯೊ ನೋಡ್ತೀವಿ. ಕ್ಯಾಸೆಟ್ ಕಾಲದ ಎಂಟು ಗಂಟೆ ಈಗ ಎಂಟು ಸೆಕೆಂಡ್. ವೇಗದ ಸಮಸ್ಯೆ ಮುಗೀತು. ಆದರೆ ಆ ವಿಡಿಯೊ ತೆಗೆದವರು ಯಾರು? ಎರಡೂ ಕಡೆಯವರನ್ನು ಮಾತಾಡಿಸಿದರಾ? ನಾಳೆ ಡಿಲೀಟ್ ಮಾಡಿದರೆ ಕೇಳೋದು ಯಾರನ್ನ? ಮೊದಲು ಸುದ್ದಿ ನಮ್ಮನ್ನು ತಲುಪುತ್ತಿರಲಿಲ್ಲ. ಈಗ ತಲುಪುತ್ತೆ, ಅದಕ್ಕೆ ಹೊಣೆ ಹೊರುವವರು ಇಲ್ಲ. ಎರಡನೆಯದು ಹೆಚ್ಚು ಅಪಾಯ, ಜಾತ್ರೆ-ಚುನಾವಣೆ ಹೊತ್ತಲ್ಲಂತೂ ಇನ್ನೂ.

ಪರಿಹಾರ ಅಂತ ದೊಡ್ಡದೇನೂ ನನ್ನ ಹತ್ತಿರ ಇಲ್ಲ. ಸಣ್ಣವು ಮೂರು ಇವೆ. ಊರ ಗ್ರೂಪಿಗೆ ಬಂದ ವಿಡಿಯೊದಲ್ಲಿ ದಿನಾಂಕ, ಜಾಗ, ಹೆಸರು ಇಲ್ಲದಿದ್ದರೆ ಮುಂದಕ್ಕೆ ಕಳಿಸಬೇಡಿ. ತಾಲ್ಲೂಕಿನಲ್ಲಿ ತಮ್ಮ ಹೆಸರು ಹಾಕಿಕೊಂಡು ಬರೆಯುವ, ತೋರಿಸುವ ವರದಿಗಾರರು ಇದ್ದಾರೆ, ಅವರನ್ನು ಹುಡುಕಿ ಫಾಲೋ ಮಾಡಿ, ಚಂದಾ ಕೇಳಿದರೆ ಕೊಡಿ. ತಿಂಗಳಿಗೆ ನಾಲ್ಕು ಒಟಿಟಿಗೆ ಕೊಡ್ತೀವಿ, ಇದೇನು ಭಾರ? ಮೂರನೆಯದು, ಈ ವಾರ ಮನೆಗೆ ಫೋನ್ ಮಾಡಿದಾಗ ‘ಊಟ ಆಯ್ತಾ, ಮಳಿ ಬಂತಾ’ ಆದ ಮೇಲೆ ಇನ್ನೊಂದು ಕೇಳಿ: ‘ಅಪ್ಪಾಜಿ, ಕೇಬಲ್‌ನಾಗ ನಮ್ಮೂರ ವಾರ್ತೆ ಇನ್ನೂ ಬರ್ತೈತಾ?’ ಬರ್ತಿದ್ದರೆ ಯಾವ ಊರು, ಎಷ್ಟು ಗಂಟೆಗೆ ಅಂತ ಕೆಳಗೆ ಕಮೆಂಟ್ ಮಾಡಿ. ಐದೂ ತಾಲ್ಲೂಕಿನ ಪಟ್ಟಿ ನಾವೇ ಮಾಡೋಣ.