ಹೆಸರು ಒಂದು, ವಸ್ತು ಎರಡು



ತರ್ಕ, ವ್ಯಾಕರಣಗಳ ಪಾಠಶಾಲೆಯಲ್ಲಿ ವಿದ್ಯಾರ್ಥಿಗಳಿಗೆ ಹೇಳುವ ಹಳೆಯ ದೃಷ್ಟಾಂತವೊಂದುಂಟು. ‘ಸೈಂಧವ’ ಎಂಬ ಸಂಸ್ಕೃತ ಪದಕ್ಕೆ ಉಪ್ಪು ಎಂದೂ ಅರ್ಥ, ಕುದುರೆ ಎಂದೂ ಅರ್ಥ. ಯಜಮಾನನು ಊಟದ ಎಲೆಯ ಮುಂದೆ ಕುಳಿತು ‘ಸೈಂಧವ ತಾ’ ಎಂದರೆ ಉಪ್ಪನ್ನು ತರಬೇಕು. ಪ್ರಯಾಣಕ್ಕೆ ಸಿದ್ಧನಾಗಿ ನಿಂತು ಅದೇ ಮಾತನ್ನಾಡಿದರೆ ಕುದುರೆಯನ್ನು ತರಬೇಕು. ಪದ ಒಂದೇ, ಪದಾರ್ಥವನ್ನು ನಿರ್ಣಯಿಸುವುದು ಸಂದರ್ಭ. ಇಂದು ಮಕ್ಕಳ ಆಟದ ಕಂಪ್ಯೂಟರಿಗಾಗಿ ಅಗ್ಗದ ಗ್ರಾಫಿಕ್ಸ್ ಕಾರ್ಡ್ ಕೊಳ್ಳಲು ಹೊರಟ ತಂದೆ-ತಾಯಂದಿರಿಗೆ ಈ ದೃಷ್ಟಾಂತವು ಬಹಳ ಉಪಯುಕ್ತವಾದುದೆಂದು ನಾವು ಭಾವಿಸುತ್ತೇವೆ.

ಇಂತಹ ವಸ್ತುವನ್ನು ಕೊಡಿಸಬೇಕೆ, ಬೇಡವೆ ಎಂಬುದು ಆಯಾ ಮನೆಯವರ ವಿವೇಚನೆಗೆ ಬಿಟ್ಟ ವಿಷಯ. ಕೊಡಿಸುವುದೆಂದು ನಿಶ್ಚಯಿಸಿದ ಮೇಲೆ ದುಡಿದು ಕೂಡಿಟ್ಟ ಹಣ ವ್ಯರ್ಥವಾಗದಂತೆ ನೋಡಿಕೊಳ್ಳುವುದು ಹಿರಿಯರ ಕರ್ತವ್ಯ. ‘ನಮಗೇನು ತಿಳಿಯುತ್ತದೆ, ಹುಡುಗನಿಗೇ ಗೊತ್ತು’ ಎಂದು ಹಣವನ್ನು ಅವನ ಕೈಗಿತ್ತು ಸುಮ್ಮನಾಗುವುದು ಉಚಿತವಲ್ಲ. ಹುಡುಗನು ಹೆಸರನ್ನು ಬಲ್ಲನು. ಹೆಸರಿನ ಹಿಂದಿರುವ ವಸ್ತುವನ್ನೂ ಬಲ್ಲನೆಂಬ ಭರವಸೆಯಿಲ್ಲ. ಹೆಸರನ್ನೇ ನಂಬಿ ತಂದ ವಸ್ತು ಕೆಲಸಕ್ಕೆ ಬಾರದಿದ್ದಾಗ ಹಣದೊಡನೆ ತಂದೆ-ಮಕ್ಕಳ ನಡುವಿನ ವಿಶ್ವಾಸವೂ ಕೆಡುತ್ತದೆ.

ಮೊದಲು ಈ ವಸ್ತುವಿನ ಕೆಲಸವನ್ನು ತಿಳಿಯೋಣ. ಪರದೆಯ ಮೇಲಿನ ಚಿತ್ರವು ಚುಕ್ಕೆಗಳಿಂದ ಆದುದು. ಸಾಮಾನ್ಯ ಮಾನಿಟರಿನಲ್ಲಿ ಅಡ್ಡಲಾಗಿ 1,920, ಉದ್ದಕ್ಕೆ 1,080, ಒಟ್ಟು 20,73,600 ಚುಕ್ಕೆಗಳಿರುತ್ತವೆ. ಆಟವು ನಯವಾಗಿ ಸಾಗಬೇಕಾದರೆ ಚಿತ್ರವು ಸೆಕೆಂಡಿಗೆ 60 ಬಾರಿಯಾದರೂ ಹೊಸದಾಗಿ ಮೂಡಬೇಕು. ಎಂದರೆ ಒಂದೊಂದು ಸೆಕೆಂಡಿಗೂ 12 ಕೋಟಿಗೂ ಮಿಕ್ಕ ಚುಕ್ಕೆಗಳ ಬಣ್ಣವನ್ನು ಲೆಕ್ಕಹಾಕಬೇಕು. ಈ ಕೆಲಸಕ್ಕೆಂದೇ ಇರುವುದು ಗ್ರಾಫಿಕ್ಸ್ ಕಾರ್ಡ್. ಅದರಲ್ಲಿ ಗಮನಿಸಬೇಕಾದವು ಮೂರು: ಲೆಕ್ಕ ಮಾಡುವ ಚಿಪ್, ಚಿತ್ರದ ಸಾಮಗ್ರಿಯನ್ನು ತುಂಬಿಟ್ಟುಕೊಳ್ಳುವ ಮೆಮೊರಿ, ಇವೆರಡರ ನಡುವಿನ ದಾರಿ. ಕಣಜವು ದೊಡ್ಡದಿದ್ದು ಬಾಗಿಲು ಕಿರಿದಾದರೆ ಧಾನ್ಯವನ್ನು ಬೇಗ ಹೊರತೆಗೆಯಲಾಗದು. ಕಾರ್ಡಿನ ವಿಷಯದಲ್ಲಿಯೂ ಹೀಗೆಯೇ.

ಅಂಗಡಿಯಲ್ಲಿ ‘ಇದು 4 ಜಿಬಿ ಕಾರ್ಡು’ ಎಂದು ಹೇಳುವುದು ಕಣಜದ ಗಾತ್ರವನ್ನು ಮಾತ್ರ. ಎನ್ವಿಡಿಯಾ ಕಂಪನಿಯು 2014ರಲ್ಲಿ ತಂದ ಜಿಟಿ 730 ಎಂಬ ಒಂದೇ ಹೆಸರಿನಡಿ ಚಿಪ್, ಮೆಮೊರಿ, ದಾರಿಯ ಅಗಲ ಇವುಗಳಲ್ಲಿ ಭಿನ್ನವಾದ ಮೂರು ಬಗೆಯ ಕಾರ್ಡುಗಳಿದ್ದವು. ಅದೇ ಕಂಪನಿಯ ಜಿಟಿ 1030 ಕಾರ್ಡು 2017ರಲ್ಲಿ ವೇಗದ ಮೆಮೊರಿಯೊಡನೆ ಬಂದಿತು. 2018ರಲ್ಲಿ ಅದೇ ಹೆಸರಿನಲ್ಲಿ ನಿಧಾನದ ಮೆಮೊರಿಯ ಮತ್ತೊಂದು ಬಂದಿತು. ಮೊದಲನೆಯದು ಸೆಕೆಂಡಿಗೆ 48 ಜಿಬಿ ಸಾಮಗ್ರಿಯನ್ನು ಸಾಗಿಸಿದರೆ ಎರಡನೆಯದು ಸಾಗಿಸುವುದು 16.8 ಜಿಬಿ. ಎರಡರಲ್ಲಿಯೂ ಮೆಮೊರಿ 2 ಜಿಬಿಯೇ. ದಾರಿಯು ಮೂರನೆಯ ಒಂದು ಪಾಲಿಗೆ ಇಳಿದರೂ ಹೆಸರು ಮಾತ್ರ ಬದಲಾಗಲಿಲ್ಲ.

ಇದು ಹಳೆಯ ಮಾತೆಂದು ತಳ್ಳಿಹಾಕುವಂತಿಲ್ಲ. ಆರ್‌ಟಿಎಕ್ಸ್ 3050 ಎಂಬುದು 2022ರ ಜನವರಿಯಲ್ಲಿ 8 ಜಿಬಿ ಮೆಮೊರಿಯೊಡನೆ ಬಂದಿತು. 2024ರ ಫೆಬ್ರವರಿಯಲ್ಲಿ ಅದೇ ಹೆಸರಿನಲ್ಲಿ 6 ಜಿಬಿಯ ಕಾರ್ಡು ಬಂದಿತು. ಕಡಿಮೆಯಾದುದು ಮೆಮೊರಿಯೊಂದೇ ಅಲ್ಲ. ಲೆಕ್ಕಮಾಡುವ ಘಟಕಗಳು 2,560ರಿಂದ 2,304ಕ್ಕೆ ಇಳಿದವು. ದಾರಿಯ ಅಗಲವು 128 ಬಿಟ್‌ನಿಂದ 96 ಬಿಟ್‌ಗೆ ಕುಗ್ಗಿತು. ‘3050 ಕೊಡಿ’ ಎಂದಷ್ಟೇ ಕೇಳಿದವರಿಗೆ ಅಂಗಡಿಯವನು ಎರಡರಲ್ಲಿ ಯಾವುದನ್ನು ಕೊಟ್ಟರೂ ಅವನು ಸುಳ್ಳಾಡಿದಂತಾಗುವುದಿಲ್ಲ! ಹೆಸರಿನ ಈ ಗೊಂದಲವನ್ನು ತಯಾರಕರೇ ಒಮ್ಮೆ ಒಪ್ಪಿಕೊಂಡುದೂ ಉಂಟು. 2022ರ ಸೆಪ್ಟೆಂಬರಿನಲ್ಲಿ ಎನ್ವಿಡಿಯಾ ‘4080’ ಎಂಬ ಒಂದೇ ಹೆಸರಿನಲ್ಲಿ 12 ಮತ್ತು 16 ಜಿಬಿಯ ಎರಡು ದುಬಾರಿ ಕಾರ್ಡುಗಳನ್ನು ಸಾರಿತು. ಅವುಗಳ ಚಿಪ್‌ಗಳೇ ಬೇರೆಯಾಗಿದ್ದುದರಿಂದ ಆಕ್ಷೇಪಣೆಗಳೆದ್ದವು. ಮರುತಿಂಗಳೇ ಹೆಸರು ಸರಿಯಿಲ್ಲವೆಂದು 12 ಜಿಬಿಯದನ್ನು ಹಿಂದೆಗೆದು, 2023ರ ಜನವರಿಯಲ್ಲಿ ‘4070 ಟಿಐ’ ಎಂಬ ಹೆಸರಿನಿಂದ ಬಿಡುಗಡೆ ಮಾಡಿತು. ದುಬಾರಿ ಕಾರ್ಡಿಗೆ ದೊರೆತ ಈ ನ್ಯಾಯ ಅಗ್ಗದ ಕಾರ್ಡುಗಳಿಗೆ ದೊರೆಯಲಿಲ್ಲ.

ಹಾಗಾದರೆ 6 ಜಿಬಿಯ 3050 ಕೆಟ್ಟ ವಸ್ತುವೆ? ಅಲ್ಲ. ಇಲ್ಲಿಯೇ ಸೈಂಧವ ನ್ಯಾಯವನ್ನು ಸ್ಮರಿಸಬೇಕು. 8 ಜಿಬಿಯದು 130 ವಾಟ್ ವಿದ್ಯುತ್ತನ್ನು ಬೇಡುತ್ತದೆ. ಅದಕ್ಕೆ ಪವರ್ ಸಪ್ಲೈಯಿಂದ ಪ್ರತ್ಯೇಕ ತಂತಿ ಬೇಕು. 6 ಜಿಬಿಯದಕ್ಕೆ 70 ವಾಟ್ ಸಾಕು. ಮದರ್‌ಬೋರ್ಡಿನ ಸ್ಲಾಟು 75 ವಾಟ್‌ವರೆಗೆ ತಾನೇ ಕೊಡಬಲ್ಲುದಾದುದರಿಂದ ಬೇರೆ ತಂತಿ ಬೇಕಿಲ್ಲ. ಕಚೇರಿಗಳಿಂದ ಹೊರಬಂದ ಹಳೆಯ ಕಂಪ್ಯೂಟರನ್ನು ಕೊಂಡಿರುವ ಮನೆಗಳು ಅನೇಕ. ಅವುಗಳ ಪವರ್ ಸಪ್ಲೈ ಚಿಕ್ಕದು, ಪ್ರತ್ಯೇಕ ತಂತಿಯೂ ಇರದು. ಅಂತಹ ಯಂತ್ರಕ್ಕೆ ಈ ಚಿಕ್ಕ ಕಾರ್ಡೇ ಯೋಗ್ಯ; ದೊಡ್ಡದನ್ನು ತಂದರೆ ಊಟದ ಎಲೆಯ ಮುಂದೆ ಕುದುರೆಯನ್ನು ತಂದು ಕಟ್ಟಿದಂತೆ. ಒಳ್ಳೆಯ ಪವರ್ ಸಪ್ಲೈಯುಳ್ಳ ಹೊಸ ಯಂತ್ರಕ್ಕೆ ಚಿಕ್ಕದನ್ನು ತಂದರೆ ಪ್ರಯಾಣಕ್ಕೆ ನಿಂತವನ ಕೈಗೆ ಉಪ್ಪನ್ನಿತ್ತಂತೆ. ಆದುದರಿಂದ ಕಾರ್ಡನ್ನು ಆರಿಸುವ ಮುನ್ನ ಮನೆಯ ಯಂತ್ರವನ್ನು ತೆರೆದು ನೋಡಬೇಕು: ಪವರ್ ಸಪ್ಲೈ ಎಷ್ಟು ವಾಟಿನದು, ಪ್ರತ್ಯೇಕ ತಂತಿಯುಂಟೆ, ಡಬ್ಬಿಯೊಳಗೆ ಎಷ್ಟು ಉದ್ದದ, ಎಷ್ಟು ಎತ್ತರದ ಕಾರ್ಡು ಹಿಡಿಸುತ್ತದೆ ಎಂಬುದನ್ನು ಬರೆದುಕೊಳ್ಳಬೇಕು.

ಇನ್ನು ಕೆಲವು ಕಾರ್ಡುಗಳಲ್ಲಿ ಚಿಪ್ ಒಂದೇ ಇದ್ದು ಮೆಮೊರಿ ಮಾತ್ರ ಬೇರೆಯಾಗಿರುತ್ತದೆ. ಎಎಂಡಿ ಕಂಪನಿಯು 2025ರ ಜೂನಿನಲ್ಲಿ ತಂದ ಆರ್‌ಎಕ್ಸ್ 9060 ಎಕ್ಸ್‌ಟಿ ಅಂತಹುದು. ಬಿಡುಗಡೆಯಾದಾಗ 8 ಜಿಬಿಯದಕ್ಕೆ 299 ಡಾಲರ್, 16 ಜಿಬಿಯದಕ್ಕೆ 349 ಡಾಲರ್ ಎಂದು ಬೆಲೆ ಕಟ್ಟಿದ್ದರು. ಹಗುರವಾದ ಆಟಗಳಲ್ಲಿ ಎರಡೂ ಸಮವೇ. ಭಾರವಾದ ಹೊಸ ಆಟಗಳಲ್ಲಿ 8 ಜಿಬಿ ತುಂಬಿಹೋದಾಗ ಚಿತ್ರವು ಮುಗ್ಗರಿಸುತ್ತದೆ. ಮಗನು ಆಡುವ ಆಟ ಯಾವುದೆಂದು ಕೇಳದೆ ಎರಡರಲ್ಲಿ ಒಂದನ್ನು ಆರಿಸಲಾಗದು. ವ್ಯಾಲರಂಟ್‌ನಂತಹ ಹಗುರ ಆಟವನ್ನಷ್ಟೇ ಆಡುವವನಿಗೆ, ಪ್ರೊಸೆಸರಿನೊಳಗೇ ಒಳ್ಳೆಯ ಗ್ರಾಫಿಕ್ಸ್ ಇದ್ದರೆ, ಪ್ರತ್ಯೇಕ ಕಾರ್ಡೇ ಬೇಕಾಗದಿರಬಹುದು. ಕೊಳ್ಳದೆ ಉಳಿಸಿದ ಹಣವೂ ಲಾಭವೇ.

ಬೆಂಗಳೂರಿನ ಎಸ್.ಪಿ. ರಸ್ತೆಯಂತಹ ಮಾರುಕಟ್ಟೆಗಳಲ್ಲಿ ಬಳಸಿದ ಕಾರ್ಡುಗಳೂ ದೊರೆಯುತ್ತವೆ. ಎಥೀರಿಯಂ ಎಂಬ ಡಿಜಿಟಲ್ ನಾಣ್ಯದ ಗಳಿಕೆಗಾಗಿ ಜಗತ್ತಿನಾದ್ಯಂತ ಹಗಲಿರುಳು ಕಾರ್ಡುಗಳನ್ನು ದುಡಿಸುತ್ತಿದ್ದರು. 2022ರ ಸೆಪ್ಟೆಂಬರಿನಲ್ಲಿ ಆ ಪದ್ಧತಿ ನಿಂತಮೇಲೆ ಅವುಗಳಲ್ಲಿ ಅನೇಕವು ಮಾರಾಟಕ್ಕೆ ಬಂದವು. ಹಳೆಯ ಚಿಪ್‌ಗೆ ಹೊಸ ಹೆಸರು ತೋರುವಂತೆ ಒಳಗಿನ ಬಯಾಸ್ ತಿದ್ದಿ ಮಾರುವ ವಂಚನೆಯೂ ಉಂಟು. ಅಲ್ಲಿ ಹೆಸರೇ ಸುಳ್ಳು. ಜಿಪಿಯು-ಝಡ್ ಎಂಬ ಉಚಿತ ತಂತ್ರಾಂಶವು ಎನ್ವಿಡಿಯಾ ಹೆಸರಿನ ಇಂತಹ ನಕಲಿಗಳನ್ನು 2018ರಿಂದ ಗುರುತಿಸಿ ತೋರಿಸುತ್ತಿದೆ. ಬಳಸಿದ ಕಾರ್ಡನ್ನು ಯಂತ್ರಕ್ಕೆ ಹಾಕಿಸಿ, ಈ ತಂತ್ರಾಂಶದಲ್ಲಿ ನೋಡಿ, ಅರ್ಧ ಗಂಟೆ ಆಟವನ್ನು ನಡೆಸಿ ತೋರಿಸದ ಹೊರತು ಹಣ ಕೊಡಬಾರದು.

ಹೊಸದನ್ನು ಕೊಳ್ಳುವವರು ಒಂದು ಚೀಟಿಯಲ್ಲಿ ಐದು ಸಂಗತಿಗಳನ್ನು ಬರೆದುಕೊಂಡು ಹೋಗಬೇಕು: ಕಾರ್ಡಿನ ಪೂರ್ಣ ಹೆಸರು, ಮೆಮೊರಿಯ ಪ್ರಮಾಣ, ಮೆಮೊರಿಯ ಬಗೆ, ದಾರಿಯ ಅಗಲ, ಬೇಕಾಗುವ ವಾಟ್. ಪೆಟ್ಟಿಗೆಯ ಮೇಲಿನ ಬರಹವನ್ನು ಚೀಟಿಯೊಡನೆ ಹೋಲಿಸಬೇಕು. ಬಿಲ್ಲಿನಲ್ಲಿ ಪೂರ್ಣ ಹೆಸರೂ ಸೀರಿಯಲ್ ನಂಬರೂ ಇರಬೇಕು. ವಾರಂಟಿಗೆ ಅದೇ ಆಧಾರ. ಮನೆಗೆ ತಂದು ಜೋಡಿಸಿದ ಮೇಲೆ ಮಾನಿಟರಿನ ಕೇಬಲನ್ನು ಮದರ್‌ಬೋರ್ಡಿಗಲ್ಲ, ಕಾರ್ಡಿಗೇ ಸಿಕ್ಕಿಸಬೇಕು. ಇಲ್ಲವಾದರೆ ಕೊಂಡ ಕಾರ್ಡು ಸುಮ್ಮನೆ ಕುಳಿತಿರುತ್ತದೆ.

ಈ ಚೀಟಿಯನ್ನು ಹಿರಿಯರು ತಾವೊಬ್ಬರೇ ಬರೆಯದೆ ಮಗನಿಂದಲೋ ಮಗಳಿಂದಲೋ ಬರೆಯಿಸಲಿ ಎಂಬುದು ನಮ್ಮ ಸೂಚನೆ. ಒಂದೊಂದು ಸಾಲಿಗೂ ‘ಇದು ಏಕೆ ಬೇಕು?’ ಎಂದು ಕೇಳಲಿ. ಉತ್ತರವನ್ನು ಹುಡುಕುವ ಮಕ್ಕಳು ಹೆಸರಿನಿಂದ ವಸ್ತುವಿನೆಡೆಗೆ ನಡೆಯುವುದನ್ನು ಕಲಿಯುತ್ತಾರೆ. ಕಾರ್ಡು ಕೆಲವು ವರ್ಷಗಳಲ್ಲಿ ಹಳತಾಗುವುದು. ಹೀಗೆ ಕೇಳಿ ತಿಳಿದು ಕೊಳ್ಳುವ ಅಭ್ಯಾಸವು ಮುಂದೆ ಅವರು ಮನೆ, ಹೊಲ, ವಾಹನಗಳನ್ನು ಕೊಳ್ಳುವ ಕಾಲಕ್ಕೂ ನೆರವಾಗುವುದು.