ಮಿಸಿಸಾಗ: ನಿಲ್ದಾಣದ ಬಾಗಿಲಿಗೆ ಕಾರು, ನಡೆಯುವವರಿಗೆ ದೂರ

ಕೆನಡಾದ ಮಿಸಿಸಾಗದಲ್ಲಿ ನೆಲೆಸಿ ಟೊರಾಂಟೊದಲ್ಲಿ ದುಡಿಯುವವರಿಗೆ ‘ಗೋ’ ರೈಲು ದೊಡ್ಡ ಆಸರೆ. 1967ರಲ್ಲಿ ಶುರುವಾದ ಈ ಸೇವೆ ಕಾರಿನಲ್ಲಿ ನಿಲ್ದಾಣಕ್ಕೆ ಬರುವವರನ್ನೇ ಬಹಳವಾಗಿ ನೆಚ್ಚಿಕೊಂಡು ಬೆಳೆದಿದೆ. ಕ್ಲಾರ್ಕ್‌ಸನ್, ಮೆಡೋವೇಲ್‌ನಂಥ ನಿಲ್ದಾಣಗಳ ಪಕ್ಕದಲ್ಲಿ ಮೊದಲು ಕಣ್ಣಿಗೆ ಬೀಳುವುದು ವಿಶಾಲವಾದ ಪಾರ್ಕಿಂಗ್ ಜಾಗ. ಕಾಯ್ದಿರಿಸಿದ ಜಾಗ ಬಿಟ್ಟರೆ ಉಳಿದದ್ದಕ್ಕೆ ಶುಲ್ಕವಿಲ್ಲ.

ಶುಲ್ಕವಿಲ್ಲದಿದ್ದರೂ ಬೆಲೆ ಇದ್ದೇ ಇದೆ. ಓಡಾಡುವ ದಾರಿ ಸೇರಿ ಒಂದು ಕಾರಿಗೆ ಸುಮಾರು 300 ಚದರ ಅಡಿ ಬೇಕು. ಅಂದರೆ ಬೆಂಗಳೂರಿನ ಒಂದು 30×40 ಸೈಟಿನಲ್ಲಿ ನಾಲ್ಕೇ ಕಾರು! ಬೆಳಿಗ್ಗೆ ನಿಂತ ಕಾರು ಸಂಜೆಯವರೆಗೆ ಕದಲುವುದಿಲ್ಲ. ಹೀಗಾಗಿ ಒಂದು ಜಾಗದಿಂದ ರೈಲಿಗೆ ದಿನಕ್ಕೆ ಸಿಗುವುದು ಹೆಚ್ಚುಕಡಿಮೆ ಒಬ್ಬ ಪ್ರಯಾಣಿಕ. ಅಲ್ಲೇ ಮನೆ, ಅಂಗಡಿಗಳಿದ್ದರೆ ದಿನವಿಡೀ ಜನ ನಡೆದು ಬರುತ್ತಿದ್ದರು. ಈಗ ನಡೆದು ಬರುವವರು ಹಿಮ, ಗಾಳಿಯಲ್ಲಿ ಕಾರುಗಳ ಸಾಲು ದಾಟಬೇಕು.

ಇದರ ಬಿಸಿ ತಟ್ಟುವುದು ಹೊಸದಾಗಿ ಹೋದವರಿಗೆ. ರೈಲು ಹಿಡಿಯಲೂ ಕಾರು ಬೇಕೆಂದರೆ ಸಾಲದ ಕಂತು, ವಿಮೆ ಎರಡೂ ಹೆಗಲೇರುತ್ತವೆ. ಇರುವ ಒಂದೇ ಕಾರು ನಿಲ್ದಾಣದಲ್ಲಿ ನಿಂತರೆ ಮನೆಯಲ್ಲಿರುವವರು, ಊರಿನಿಂದ ಬಂದ ಅಪ್ಪ-ಅಮ್ಮ ಸಂಜೆವರೆಗೆ ಕಟ್ಟಿಹಾಕಿದಂತೆ.

ಬದಲಾವಣೆ ಆರಂಭವಾಗಿದೆ. ‘ಮೈವೇ’ ನಗರ ಬಸ್ಸಿನಲ್ಲಿ ಬಂದು ಗೋ ರೈಲು ಹತ್ತುವವರಿಗೆ 2022ರಿಂದ ಬಸ್ ಪ್ರಯಾಣ ಉಚಿತ. ಪ್ರಮುಖ ನಿಲ್ದಾಣಗಳ ಸುತ್ತ ಗೊತ್ತುಪಡಿಸಿದ ಪ್ರದೇಶಗಳಲ್ಲಿ, ಹೊಸ ಕಟ್ಟಡಗಳಿಗೆ ಇಂತಿಷ್ಟು ಪಾರ್ಕಿಂಗ್ ಇರಲೇಬೇಕೆಂದು ಪಾಲಿಕೆಗಳು ಕಡ್ಡಾಯ ಮಾಡುವಂತಿಲ್ಲ ಎಂದು ಒಂಟಾರಿಯೊ ಪ್ರಾಂತ್ಯ 2024ರಲ್ಲಿ ಕಾನೂನು ತಂದಿದೆ. ಪೋರ್ಟ್ ಕ್ರೆಡಿಟ್‌ನಿಂದ ಕುಕ್ಸ್‌ವಿಲ್ ಮೂಲಕ ಬ್ರಾಂಪ್ಟನ್‌ವರೆಗಿನ 18 ಕಿ.ಮೀ. ಲಘು ರೈಲು ಮಾರ್ಗವೂ ಕಾರಿಲ್ಲದೆ ನಿಲ್ದಾಣ ತಲುಪಲು ನೆರವಾಗುವ ಯೋಜನೆ.

ಹಾಗೆಂದು ಪಾರ್ಕಿಂಗನ್ನು ಒಮ್ಮೆಲೇ ತೆಗೆಯುವುದೂ ಸರಿಯಲ್ಲ. ಬಸ್ಸು ವಿರಳವಾದ ಬಡಾವಣೆಯವರಿಗೆ, ರಾತ್ರಿ ಪಾಳಿಯವರಿಗೆ ಬೇರೆ ದಾರಿಯಿಲ್ಲ. ಮೆಡೋವೇಲ್, ಕುಕ್ಸ್‌ವಿಲ್ ಇರುವ ಮಿಲ್ಟನ್ ಮಾರ್ಗದಲ್ಲಿ ರೈಲು ಓಡುವುದು ಕೆಲಸದ ದಿನಗಳಲ್ಲಿ ಮಾತ್ರ. ಬೆಳಿಗ್ಗೆ ಟೊರಾಂಟೊ ಕಡೆಗೆ, ಸಂಜೆ ವಾಪಸ್. ಮೊದಲು ಬಸ್ಸು, ಕಾಲುದಾರಿ ಹೆಚ್ಚಲಿ; ಆಮೇಲೆ ಪಾರ್ಕಿಂಗ್ ಕುಗ್ಗಲಿ.

ಅಲ್ಲಿ ಮನೆ ಹುಡುಕುತ್ತಿರುವ ಮಕ್ಕಳಿಗೆ ಬಾಡಿಗೆ ಎಷ್ಟೆಂದು ಕೇಳಿದರೆ ಸಾಲದು. ‘ನಿಲ್ದಾಣಕ್ಕೆ ನಡೆದು ಹೋಗಬಹುದಾ? ಭಾನುವಾರ ಬಸ್ಸಿದೆಯಾ?’ ಎಂದೂ ಕೇಳಿ. ಬಾಡಿಗೆ ಸ್ವಲ್ಪ ಹೆಚ್ಚಾದರೂ, ಒಂದು ಕಾರಿನ ಖರ್ಚು ಉಳಿದರೆ ಲೆಕ್ಕ ಸರಿಹೋದೀತು.