ಕಾಯಿಲೆ ಹಂದಿ ಮಾರಿದರೆ ಲಾಭ ಯಾರಿಗೆ?

ಆಫ್ರಿಕನ್ ಹಂದಿ ಜ್ವರ 2020ರಲ್ಲಿ ಅಸ್ಸಾಂ, ಅರುಣಾಚಲ ಪ್ರದೇಶದಲ್ಲಿ ಕಾಣಿಸಿಕೊಂಡಿತು. 2022ರಲ್ಲಿ ಕೊಡಗು, ಮೈಸೂರಿನ ಪಕ್ಕದ ವಯನಾಡಿಗೂ ಬಂತು. ಮನುಷ್ಯರಿಗೆ ಇದು ಬರಲ್ಲ. ಆದರೆ ಹಂದಿಗೆ ಬಂದ್ರೆ ಔಷಧಿ ಇಲ್ಲ.

ಹೋಟೆಲ್ ಮುಸುರೆಯಲ್ಲಿರುವ ಹಂದಿ ಮಾಂಸದ ಚೂರು, ಸಾಗಿಸುವ ಗಾಡಿ, ನಮ್ಮ ಚಪ್ಪಲಿ, ಎಲ್ಲವೂ ವೈರಸ್ ಹೊತ್ತು ತರುತ್ತವೆ. ಎಲ್ಲಕ್ಕಿಂತ ಅಪಾಯ ನಮ್ಮ ಅವಸರದ್ದು. ಹಂದಿ ಮೇವು ಬಿಟ್ಟು ಮಲಗಿದ ಕೂಡಲೇ 'ಸಾಯೋ ಮುಂಚೆ ಸಿಕ್ಕಷ್ಟಕ್ಕೆ ಮಾರೋಣ' ಅಂತೀವಿ. ಆ ಒಂದು ಹಂದಿ ಸಂತೆಯಿಂದ ಹತ್ತು ಊರಿಗೆ ರೋಗ ಹಂಚುತ್ತೆ. ನಾಳೆ ಮರಿ ತರಲು ಹೋಗೋದೂ ಅದೇ ಊರುಗಳಿಗೇ ಅಲ್ವಾ?

ಅದಕ್ಕೇ ಮೊದಲ ಫೋನ್ ವ್ಯಾಪಾರಿಗಲ್ಲ, ಪಶುವೈದ್ಯರಿಗೆ ಹೋಗಲಿ. ರೋಗ ತಡೆಯಲು ಸರ್ಕಾರ ಕೊಲ್ಲಿಸುವ ಹಂದಿಗೆ ಪರಿಹಾರ ಇದೆ. ಮುಸುರೆಯನ್ನು ಚೆನ್ನಾಗಿ ಕುದಿಸದೆ ಹಾಕಲೇಬೇಡಿ.